ಕೊರೆಯದೆ ಬಿಟ್ಟ ತೂತು

ಒನ್ನಿ ಸಾರೆಲಾನ ಬಾಯಲ್ಲಿ ಸುಳ್ಳು ಬರುವುದಿಲ್ಲ ಎಂದು ಪೆಸಿಫಿಕ್ ಕರಾವಳಿಯ ಆಸ್ಟೋರಿಯಾದಲ್ಲಿ, ವಲಸೆ ಬಂದ ಫಿನ್ನಿಶ್ ಜನರ ಕೇರಿಯಲ್ಲಿ, ನಾವೆಲ್ಲ ನಂಬಿದ್ದೆವು. ಮಾತೇ ಬರದ ಬಾಯಲ್ಲಿ ಸುಳ್ಳು ಎಲ್ಲಿಂದ ಬರಬೇಕು ಎಂದು ಗೇಲಿ ಮಾಡುವವರೂ ಇದ್ದರು. ನದಿಯ ದಂಡೆಯಲ್ಲಿ, ಬಲೆ ಒಣಹಾಕುವ ಚಪ್ಪರಗಳ ಹಿಂದೆ, ಅವನದೊಂದು ತಗಡಿನ ಶೆಡ್ಡು. ದೋಣಿಯ ಎಂಜಿನ್ನಾಗಲಿ, ಸಾಲ್ಮನ್ ಮೀನಿನ ಡಬ್ಬಿ ತುಂಬುವ ಕಾರ್ಖಾನೆಯ ಬಾಯ್ಲರಾಗಲಿ, ಯಾರದೋ ಮನೆಯ ಒಲೆಯ ಮುಚ್ಚಳವಾಗಲಿ, ಕಬ್ಬಿಣದ್ದು ಏನೇ ಬಿರುಕು ಬಿಟ್ಟರೂ ಅಲ್ಲಿಗೆ ಹೋಗುತ್ತಿತ್ತು. ಕೆಲಸ ಬಲು ನಿಧಾನ. ಒಮ್ಮೆ ನಮ್ಮ ಬೀದಿಯ ಸೈಮಿ ಅಜ್ಜಿ ಒಲೆಯ ಮುಚ್ಚಳ ಕೊಟ್ಟು, ಎರಡು ವಾರ ಕಾದು, ಕೊನೆಗೆ ಕೈಗೆ ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ ಬೀದಿಯೆಲ್ಲ ಕೇಳುವಂತೆ ಬೈದಳು.

"ಬಿರುಕು ಬಿಟ್ಟಿದೆ, ಮುಚ್ಚಿಕೊಡಪ್ಪಾ ಅಂದ್ರೆ ಈ ಮಹಾರಾಯ ಇನ್ನೆರಡು ತೂತು ಕೊರೆದು ಆಮೇಲೆ ಮುಚ್ಚಿದಾನೆ. ಗುರುತು ನೋಡಿ, ಎರಡು ಕಡೆ."

"ಅದು ಓಡುತ್ತೆ ಅಜ್ಜಿ," ಅಂದ ಒನ್ನಿ.

"ಒಲೆ ಮುಚ್ಚಳ ಎಲ್ಲಿಗೋ ಓಡೋದು?"

"ಮುಚ್ಚಳ ಅಲ್ಲ. ಬಿರುಕು."

ಅಷ್ಟು ಹೇಳಿ ಅವನು ಒಳಗೆ ಹೋದ. ಅವನು ಹೇಳಿದ್ದು ನಿಜವೇ. ಕಬ್ಬಿಣದ ಬಿರುಕಿನ ತುದಿ ಕೂದಲಿಗಿಂತ ಸಣ್ಣ. ಕಣ್ಣಿಗೆ ಕಾಣುವ ಜಾಗದಲ್ಲಿ ಅದು ನಿಂತಿರುವುದಿಲ್ಲ, ಇನ್ನೂ ಸ್ವಲ್ಪ ಮುಂದೆ ಹೋಗಿರುತ್ತದೆ. ಮೇಲಿಂದ ಎಷ್ಟೇ ಚೆನ್ನಾಗಿ ಬೆಸೆದರೂ ಒಳಗೊಳಗೇ ಮುಂದೆ ಸಾಗುತ್ತದೆ. ಅದಕ್ಕೇ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿ, ಎಣ್ಣೆ ಜಿನುಗಿದ ಗೆರೆಯನ್ನು ಕೊನೆಯವರೆಗೂ ಹುಡುಕಬೇಕು. ಎರಡೂ ತುದಿಯಲ್ಲಿ ಒಂದೊಂದು ದುಂಡು ತೂತು ಕೊರೆಯಬೇಕು. ದುಂಡು ತೂತು ಸಿಕ್ಕಿದರೆ ಬಿರುಕು ಅಲ್ಲೇ ನಿಲ್ಲುತ್ತದೆ. ಬೆಸುಗೆ ಆಮೇಲಿನ ಮಾತು. ಇದನ್ನು ಒನ್ನಿಗೆ ಕಲಿಸಿದ್ದು ಯುದ್ಧಕಾಲದ ಒಂದು ಹಡಗು. ಅಲ್ಲಿ ಕಲಿತದ್ದನ್ನು ಅವನು ಒಂದೇ ಒಂದು ಸಲ ಮಾಡದೆ ಬಿಟ್ಟಿದ್ದ.

ಆ ಹಡಗಿನ ಹೆಸರು ಎಪಿಯಸ್. ಯಾರ ಬಾಯಲ್ಲೂ ಸರಿಯಾಗಿ ತಿರುಗದ್ದರಿಂದ ಎಲ್ಲರಿಗೂ ಅದು ಎಪ್ಪಿ. ಸರಕು ಹಡಗಾಗಲೆಂದು ಕಟ್ಟಲು ತೊಡಗಿ, ಯುದ್ಧ ಬಂದಾಗ ಅರ್ಧದಲ್ಲಿ ಮನಸ್ಸು ಬದಲಿಸಿ, ಹೊಟ್ಟೆಯೊಳಗೆ ಕುಲುಮೆ, ಲೇತು, ಬಡಗಿಖಾನೆ, ಗಡಿಯಾರ ರಿಪೇರಿಯ ಕೋಣೆ ಎಲ್ಲ ತುಂಬಿಸಿ ನೌಕಾಪಡೆಯ ರಿಪೇರಿ ಹಡಗು ಮಾಡಿದ್ದರು. ಐನೂರು ಜನ, ನಾಲ್ಕೇ ನಾಲ್ಕು ತೋಪು. ಆ ತೋಪುಗಳಿಗೆ ಎಣ್ಣೆ ಹಚ್ಚಿದ್ದೇ ಬಂತು. ಕಾದಾಡುವ ಹಡಗಿನವರು ಹತ್ತಿರ ಬಂದಾಗಲೆಲ್ಲ "ಏನ್ರಪ್ಪಾ ಗ್ಯಾರೇಜಿನವರೇ, ಟೈರ್ ಪಂಕ್ಚರ್ ಹಾಕ್ತೀರಾ?" ಎಂದು ಕೂಗುತ್ತಿದ್ದರು. ಅದೇ ಜನ ಏಟು ತಿಂದು ವಾಲಿಕೊಂಡು ಬಂದಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದಿರುತ್ತಿದ್ದರು. ನಲವತ್ತಮೂರರಲ್ಲಿ ಹೊರಟ ಎಪ್ಪಿ ಹವಾಯಿಯಲ್ಲಿ ಆರು ತಿಂಗಳು ನಿಂತಿತು, ದಕ್ಷಿಣದ ದ್ವೀಪಗಳಲ್ಲಿ ಒಂದು ಮಳೆಗಾಲ ಕಳೆಯಿತು. ಕೊನೆಗೆ ಪೆಸಿಫಿಕ್ಕಿನ ನಡುಮಧ್ಯೆ, ಹವಳದ ದಿಬ್ಬಗಳು ಸುತ್ತುವರಿದ ವಿಶಾಲವಾದ ಕೊಳದಲ್ಲಿ ಲಂಗರು ಹಾಕಿ ಯುದ್ಧ ಮುಗಿಯುವವರೆಗೂ ಕದಲಲಿಲ್ಲ.

ಒನ್ನಿ ನದಿಯಾಚೆಯ ನಸೆಲ್ ಊರಿನವನು. ಅಪ್ಪ ಮರ ಕಡಿಯುವವನು. ಮರದ ಕ್ಯಾಂಪಿನ ರಿಪೇರಿ ಕೊಟ್ಟಿಗೆಯಲ್ಲಿ ಬೆಸುಗೆ ಕಲಿತ ಹುಡುಗನನ್ನು ನೌಕಾಪಡೆ ನೇರವಾಗಿ ಎಪ್ಪಿಯ ವೆಲ್ಡಿಂಗ್ ಖಾನೆಗೆ ಹಾಕಿತು. ಅಲ್ಲಿನ ಮೇಸ್ತ್ರಿ ಗಾರ್ವಿ ಎಂಬ ಕೆಂಪು ಮೂತಿಯ ಮುದುಕ. ಎಲ್ಲರೂ ಚೀಫ್ ಎನ್ನುತ್ತಿದ್ದರು. ಅವನದು ಒಂದೇ ಮಂತ್ರ. ಯಾರು ಬಿರುಕು ಬೆಸೆದರೂ ಬಣ್ಣ ಬಳಿಯುವ ಮೊದಲು "ಎರಡೂ ತುದಿ?" ಎಂದು ಕೇಳುವನು. "ಎರಡೂ" ಎಂದ ಮೇಲೇ ಕೆಂಪು ಬಣ್ಣದ ಡಬ್ಬಿ ತೆಗೆಯಬೇಕು. ಮಾತಿನ ಮೇಲೆ ನಡೆಯುವ ಖಾನೆ ಅದು.

ನಲವತ್ತನಾಲ್ಕರ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಮೆಲ್ಲರ್ ಎಂಬ ಡಿಸ್ಟ್ರಾಯರ್ ಯುದ್ಧನೌಕೆ ಬಂದು ಎಪ್ಪಿಯ ಪಕ್ಕಕ್ಕೆ ಕಟ್ಟಿಕೊಂಡಿತು. ಸಮೀಪದಲ್ಲಿ ಬಾಂಬು ಸಿಡಿದು ಹಿಂದಿನ ಎಂಜಿನ್ ಕೋಣೆಯ ಪಕ್ಕದ ತಗಡು ಮೊಳದುದ್ದ ಬಿರಿದಿತ್ತು. ಸಂಜೆ ನಾಲ್ಕಕ್ಕೆ ಪಡೆಯ ಜೊತೆ ಹೊರಡಬೇಕು. ಒನ್ನಿ ಡ್ರಿಲ್ಲು, ಸೀಮೆಎಣ್ಣೆ, ಸುಣ್ಣದ ಚೀಲ ಹೊತ್ತು ಇಳಿದ. ಮೇಲಿನ ತುದಿ ಸುಲಭವಾಗಿ ಸಿಕ್ಕಿತು, ಕೊರೆದ. ಕೆಳಗಿನ ತುದಿ, ಪಂಪಿನ ಕೊಳವೆಯನ್ನು ಹಿಡಿದು ನಿಲ್ಲಿಸಿದ್ದ ಒಂದು ಕಬ್ಬಿಣದ ಪಾದದ ಅಡಿಗೆ ಹೋಗಿ ಮರೆಯಾಗಿತ್ತು. ಪಾದಕ್ಕೆ ನಾಲ್ಕು ಬೋಲ್ಟು, ನಾಲ್ಕೂ ತುಕ್ಕು. ಎರಡನ್ನು ಸಡಿಲಿಸುವಷ್ಟರಲ್ಲಿ ಅವನ ಬಾಯಿಂದ ನಮ್ಮ ಫಿನ್ನಿಶ್ ಭಾಷೆಯ ಒಂದು ಒಳ್ಳೆಯ ಬೈಗುಳ ಹೊರಬಿತ್ತು.

ಪಂಪಿನ ಹಿಂದಿನಿಂದ ಎಣ್ಣೆ ಮೆತ್ತಿದ ಮುಖವೊಂದು ಇಣುಕಿತು.

"ಆಹಾ. ಇನ್ನೊಂದ್ಸಲ ಅನ್ನು," ಅಂದಿತು ಆ ಮುಖ, ಅದೇ ಭಾಷೆಯಲ್ಲಿ. "ಈ ಬೈಗುಳ ಕೇಳಿ ಎರಡು ವರ್ಷ ಆಯ್ತು. ಯಾವೂರೋ?"

"ನಸೆಲ್."

"ಓಹೋ, ಮರ ಕಡಿಯೋರು. ಮೀನು ಡಬ್ಬಿಯೊಳಗೇ ಹುಟ್ಟುತ್ತೆ ಅಂದ್ಕೊಂಡಿರೋ ಜನ."

"ನೀನು?"

"ನದಿ ಈಚೆ, ಆಸ್ಟೋರಿಯಾ. ತೌನೋ ಪೆಲ್ಟೋಲಾ. ನಮ್ಮಪ್ಪನ್ನ ನದಿ ನುಂಗ್ತು, ಅದಕ್ಕೇ ನಾನು ಸಮುದ್ರಕ್ಕೆ ಬಂದೆ. ಬುದ್ಧಿ ನೋಡು ನಂದು. ಬಾ, ಕಾಫಿ ಕುಡಿ."

ನಮ್ಮವರಲ್ಲಿ ಕಾಫಿ ಬೇಡ ಎನ್ನುವುದಿಲ್ಲ. ಎಂಜಿನ್ ಕೋಣೆಯ ಬಿಸಿ ಕೊಳವೆಯ ಮೇಲೆ ತೌನೋ ಒಂದು ತಗಡಿನ ಪಾತ್ರೆ ಇಟ್ಟಿದ್ದ. ಸಕ್ಕರೆಯ ಅಚ್ಚನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಇಬ್ಬರೂ ಉಕ್ಕಿನ ನೆಲದ ಮೇಲೆ ಕುಳಿತರು. ಒಂದು ಲೋಟವಾಯಿತು, ಎರಡಾಯಿತು. ತೌನೋ ತನ್ನ ತಾಯಿ ಲೆಂಪಿ ಮಾಡುವ ಏಲಕ್ಕಿ ಬ್ರೆಡ್ಡಿನ ಬಗ್ಗೆ, ಕಾರ್ಖಾನೆಯಲ್ಲಿ ಮೀನು ಕತ್ತರಿಸುವ ತಂಗಿ ಐಲಿಯ ನಾಲಿಗೆಯ ಬಗ್ಗೆ ಹೇಳಿದ. ಒನ್ನಿ ನಕ್ಕ. ಎರಡು ವರ್ಷದಲ್ಲಿ ಅವನು ಅಷ್ಟು ನಕ್ಕಿರಲಿಲ್ಲ. ಲೋಟ ಕೆಳಗಿಟ್ಟು ಏಳಲು ಹೋದ.

"ಎಲ್ಲಿಗೋ? ಮೂರನೇದು ದಾರಿ ಕಾಫಿ. ಅದನ್ನ ಕುಡೀದೆ ನಮ್ಮನೆಯಿಂದ ಯಾರೂ ಎದ್ದು ಹೋಗಿಲ್ಲ. ನಮ್ಮಮ್ಮನಿಗೆ ಗೊತ್ತಾದ್ರೆ ಅಲ್ಲಿಂದಲೇ ಬೈತಾಳೆ."

"ಎರಡು ಬೋಲ್ಟ್ ಬಾಕಿ ಇದೆ ಕಣೋ."

"ಬೋಲ್ಟ್ ಎಲ್ಲಿಗೂ ಹೋಗಲ್ಲ. ಕೂತ್ಕೋ."

ಒನ್ನಿ ಕುಳಿತ. ಮೂರನೆಯ ಲೋಟ ಮುಗಿಯುವಾಗ ಮೇಲಿನಿಂದ ಕೂಗು ಬಂತು. ಪಡೆ ಒಂದು ಗಂಟೆ ಮೊದಲೇ ಹೊರಡುತ್ತದೆ, ರಿಪೇರಿಯವರು ಬೇಗ ಮುಗಿಸಿ ಮೇಲೆ ಬರಬೇಕು. ಅವನು ಎದ್ದು ಪಾದದ ಮುಂದೆ ಮಂಡಿಯೂರಿದ. ಬೆಸೆಯುವುದಕ್ಕೆ ಬೇಕಾದಷ್ಟು ಹೊತ್ತು ಮಾತ್ರ ಉಳಿದಿತ್ತು. ಸಡಿಲಿಸಿದ ಎರಡು ಬೋಲ್ಟನ್ನೂ ಮತ್ತೆ ಬಿಗಿದ. ಬಿರುಕು ಕಣ್ಣಿಗೆ ಕಾಣುವಷ್ಟು ದೂರ, ಪಾದದ ಅಂಚಿನವರೆಗೆ, ಬೆಸೆದ. ಅಡಿಯಲ್ಲಿದ್ದದ್ದು ಅಡಿಯಲ್ಲೇ ಉಳಿಯಿತು. ಏಣಿಯ ಮೇಲಿಂದ ಚೀಫ್ ಗಾರ್ವಿ ಬಗ್ಗಿ ಕೂಗಿದ.

"ಎರಡೂ ತುದಿ?"

"ಎರಡೂ," ಅಂದ ಒನ್ನಿ.

ಕೆಂಪು ಬಣ್ಣ ಬಳಿದು ಮೇಲೆ ಹತ್ತಿದ. ತೌನೋ ಕೆಳಗಿನಿಂದಲೇ ಕೈಯೆತ್ತಿ, "ನಸೆಲ್ಲೂ, ಊರಿಗೆ ಬಂದಾಗ ಮನೆಗೆ ಬಾ, ಮೀನು ಹೇಗಿರುತ್ತೆ ತೋರಿಸ್ತೀನಿ" ಅಂದ. ಮೆಲ್ಲರ್ ಹಗ್ಗ ಬಿಚ್ಚಿಕೊಂಡು ಹೋಯಿತು.

ಡಿಸೆಂಬರಿನಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗುಗಳು ಒಂದೊಂದಾಗಿ ಕೊಳಕ್ಕೆ ಬಂದವು. ಮೆಲ್ಲರನ್ನು ಇನ್ನೊಂದು ಹಡಗು ಎಳೆದು ತಂದಿತು. ಹಿಂದಿನ ಎಂಜಿನ್ ಕೋಣೆಯ ತಗಡು ಎರಡಾಳುದ್ದ ಸೀಳಿ, ಕೋಣೆಯಲ್ಲಿ ನೀರು ತುಂಬಿ, ಏಳು ಜನ ಸತ್ತಿದ್ದರು. ಅವರನ್ನು ಆಗಲೇ ಸಮುದ್ರಕ್ಕೆ ಒಪ್ಪಿಸಿಯಾಗಿತ್ತು. ಮೆಲ್ಲರಿನವನೊಬ್ಬ ಹೇಳಿದ ಏಳು ಹೆಸರಿನಲ್ಲಿ ಐದನೆಯದು ತೌನೋ ಪೆಲ್ಟೋಲಾ.

ಒನ್ನಿ ಕೆಳಗಿಳಿದು ನೋಡಿದ. ಅವನು ಹಾಕಿದ ಬೆಸುಗೆ ಹಾಗೇ ಇತ್ತು, ಒಂದು ಎಳೆಯೂ ಬಿಟ್ಟಿರಲಿಲ್ಲ. ಸೀಳು ಶುರುವಾದದ್ದು ಪಾದದ ಅಡಿಯಿಂದ, ಅವನು ಕೊರೆಯದೆ ಬಿಟ್ಟ ಜಾಗದಿಂದ. ಚೀಫ್ ಗಾರ್ವಿಯೂ ಇಳಿದು ಬಂದ. ಸೀಳನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟ.

"ಸಮುದ್ರವೇ ಹರಿದು ಹಾಕಿದ್ರೆ ಯಾರೇನು ಮಾಡೋಕಾಗುತ್ತೆ. ಆದ್ರೂ ಆ ಬೆಸುಗೆ ನೋಡು, ಕದಲಿಲ್ಲ. ನಿಂದೇ ತಾನೆ?"

"ನಂದೇ."

ಚೀಫ್ ಅವನ ಬೆನ್ನು ತಟ್ಟಿದ. ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹರಿದ ತಗಡನ್ನು ಕತ್ತರಿಸಿ ತೆಗೆಯುವ ಕೆಲಸ ಅವನಿಗೇ ಬಿತ್ತು. ಕೊರೆಯದ ತೂತಿನ ಜಾಗವಿದ್ದ ಚೂರನ್ನು ಅವನ ಕೈಯೇ ಕತ್ತರಿಸಿತು, ಉಳಿದ ಗುಜರಿಯ ಜೊತೆ ಅದು ಸಮುದ್ರದ ತಳ ಸೇರಿತು. ಹೊಸ ತಗಡು ಕೂರಿಸಿ ಮೂರು ದಿನದಲ್ಲಿ ಕೆಲಸ ಮುಗಿಸಿದ. ಹೋಗುವ ಮುಂಚೆ ಮೆಲ್ಲರಿನ ಕ್ಯಾಪ್ಟನ್ ಎಪ್ಪಿಗೆ ಒಂದು ಕೃತಜ್ಞತೆಯ ಪತ್ರ ಬರೆದ: ಅಂಥ ಬಿರುಗಾಳಿಯಲ್ಲೂ ನಿಮ್ಮವರ ಬೆಸುಗೆ ಬಿಡಲಿಲ್ಲ ಎಂದು. ಅದನ್ನು ಊಟದ ಕೋಣೆಯಲ್ಲಿ ಓದಿದಾಗ ಜನ ಒನ್ನಿಯ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅವನು ತಟ್ಟೆಯನ್ನು ಹಾಗೇ ಬಿಟ್ಟು ಎದ್ದು ಹೋದ.

ಯುದ್ಧ ಮುಗಿಯಿತು. ಊರಿಗೆ ಬಂದ ಮೊದಲ ವಾರವೇ ಒನ್ನಿ ದೋಣಿ ಹತ್ತಿ ನದಿ ದಾಟಿ ಲೆಂಪಿ ಪೆಲ್ಟೋಲಾಳ ಬಾಗಿಲು ತಟ್ಟಿದ. ಹೇಳಲೆಂದೇ ಹೋದದ್ದು. ದೋಣಿಯಲ್ಲಿ ಕುಳಿತು ಒಂದೊಂದು ಮಾತನ್ನೂ ಜೋಡಿಸಿಕೊಂಡಿದ್ದ. ಲೆಂಪಿ ಗಟ್ಟಿಮುಟ್ಟಾದ, ನಗದ ಮುಖದ ವಿಧವೆ. ಇಂಗ್ಲಿಷ್ ಬಾರದು, ಕಲಿಯುವ ಮನಸ್ಸೂ ಇರಲಿಲ್ಲ. ಬಂದವನು ಯಾರೆಂದು ಕೇಳುವ ಮೊದಲೇ ಒಲೆಯ ಮೇಲೆ ಕಾಫಿ ಇಟ್ಟಳು.

"ನಾನು ತೌನೋ ಜೊತೆ ಕಾಫಿ ಕುಡಿದೆ, ಅವನ ಹಡಗಲ್ಲಿ," ಎಂದು ಒನ್ನಿ ಶುರು ಮಾಡಿದ.

ಲೆಂಪಿಯ ಕೈ ನಿಂತಿತು. "ಎಷ್ಟು?"

"ಮೂರು ಲೋಟ."

"ಮೂರನೇದೂ ಕೊಟ್ನಾ?"

"ದಾರಿ ಕಾಫಿ ಅಂದ. ಕುಡೀದೆ ಹೋದ್ರೆ ಅಮ್ಮ ಬೈತಾಳೆ ಅಂದ."

ಅವಳು ಸೊಂಟಕ್ಕೆ ಕಟ್ಟಿದ್ದ ಅಡುಗೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅಳುತ್ತಲೇ ನಕ್ಕಳು. "ಕಲಿಸಿದ್ದು ಮರೀಲಿಲ್ಲ ನನ್ನ ಮಗ," ಅಂದಳು. ಬಾಗಿಲ ಹತ್ತಿರ ಕಾರ್ಖಾನೆಯ ರಬ್ಬರ್ ಬೂಟಿನಲ್ಲಿ ನಿಂತಿದ್ದ ಐಲಿ, ತಾಯಿ ವರ್ಷದ ಮೇಲೆ ನಕ್ಕದ್ದನ್ನು ನೋಡಿ, ಬಂದವನ ಕಡೆ ತಿರುಗಿ ತಲೆಬಾಗಿದಳು. ಒನ್ನಿ ಜೋಡಿಸಿಕೊಂಡಿದ್ದ ಉಳಿದ ಮಾತು ಬಿಟ್ಟು ಕಾಫಿ ಕುಡಿದ. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡ. ಮುಂದಿನ ವಾರ ಬಂದಾಗ ಲೆಂಪಿ ಅವನಿಗಾಗಿ ಏಲಕ್ಕಿ ಬ್ರೆಡ್ಡು ಮಾಡಿಟ್ಟಿದ್ದಳು.

ಹೀಗೆ ವಾರ ವಾರ ಹೋಗುತ್ತ ಹಿತ್ತಲಿನ ಸೌನಾ ಎಂಬ ಹಬೆಸ್ನಾನದ ಮನೆಯ ಸೂರು ಸರಿಮಾಡಿದ, ಬಲೆ ಚಪ್ಪರ ಎತ್ತಿ ಕಟ್ಟಿದ, ನಲವತ್ತೇಳರಲ್ಲಿ ಐಲಿಯನ್ನು ಮದುವೆಯಾಗಿ ಆ ಮನೆಗೇ ಬಂದು ನೆಲೆಸಿದ. ಪ್ರೀತಿಯಿತ್ತೇ ಎಂದರೆ ಇತ್ತು, ಅದರಲ್ಲಿ ಅನುಮಾನ ಬೇಡ. ಆದರೆ ಐಲಿಯ ಮುಖದಲ್ಲಿ ಅಣ್ಣನ ಹುಬ್ಬು ಇತ್ತು, ಅದನ್ನು ಅವನು ದಿನಾ ನೋಡಬೇಕಿತ್ತು. ಮಗ ಹುಟ್ಟಿದಾಗ ಲೆಂಪಿ ಯಾರನ್ನೂ ಕೇಳದೆ ತೌನೋ ಎಂದು ಹೆಸರಿಟ್ಟಳು. ಒನ್ನಿ ಆ ಹುಡುಗನನ್ನು ಹೆಸರು ಹಿಡಿದು ಕರೆದದ್ದನ್ನು ನಾವು ಯಾರೂ ಕೇಳಲಿಲ್ಲ. "ಮಗಾ" ಎನ್ನುತ್ತಿದ್ದ, ಅಷ್ಟೆ.

ವರ್ಷಕ್ಕೊಮ್ಮೆ, ಸತ್ತವನ ಹುಟ್ಟುಹಬ್ಬದ ದಿನ, ಮೇ ತಿಂಗಳಲ್ಲಿ, ನೆಂಟರೆಲ್ಲ ಸೇರುತ್ತಿದ್ದರು. ಲೆಂಪಿ ಎಲ್ಲರಿಗೂ ಕಾಫಿ ಸುರಿದು, "ಹೇಳೋ ಒನ್ನಿ," ಎನ್ನುವಳು. ಅವನು ಹೇಳುವನು: ಬೈಗುಳ, ಬಿಸಿ ಕೊಳವೆಯ ಮೇಲಿನ ಪಾತ್ರೆ, ಹಲ್ಲಿನ ನಡುವಿನ ಸಕ್ಕರೆ, ಮೂರು ಲೋಟ. ವರ್ಷವಿಡೀ ಮೂಗನಂತಿದ್ದವನು ಅವತ್ತು ಮಾತಾಡುವುದನ್ನು ಕೇಳಲೆಂದೇ ಕೆಲವರು ಬರುತ್ತಿದ್ದರು. ಬೋಲ್ಟಿನ ವಿಷಯ ಅದರಲ್ಲಿ ಬರುತ್ತಿರಲಿಲ್ಲ. ಮಾರನೆಯ ದಿನ ಅವನು ಶೆಡ್ಡಿಗೆ ಹೋಗಿ, ರಿಪೇರಿಗೆಂದು ಬಂದ ಯಾವುದೋ ಹಳೆಯ ತಗಡಿಗೆ ಬೇಕಾದದ್ದಕ್ಕಿಂತ ಹೆಚ್ಚು ತೂತು ಕೊರೆಯುತ್ತ ಕೂರುತ್ತಿದ್ದ.

ಎಪ್ಪತ್ತೊಂದರಲ್ಲಿ ಒಂದು ಕಾಗದ ಬಂತು. ಬರೆದವನು ಎಪ್ಪಿಯಲ್ಲಿ ಗುಮಾಸ್ತನಾಗಿದ್ದ ಕ್ವಿಗ್ಲಿ. ಯುದ್ಧದ ನಂತರ ವರ್ಷಗಟ್ಟಲೆ ಯಾವುದೋ ಹಿನ್ನೀರಿನಲ್ಲಿ ತುಕ್ಕು ಹಿಡಿದಿದ್ದ ಹಡಗನ್ನು ಕೊನೆಗೂ ಗುಜರಿಗೆ ಹಾಕಿದ್ದಾರೆ, ಅದರ ಸೇವೆಯ ಚರಿತ್ರೆಯನ್ನು ನಾವೇ ಬರೆಯದಿದ್ದರೆ ಬೇರೆ ಯಾರು ಬರೆಯುತ್ತಾರೆ, ಪ್ರತಿ ಖಾನೆಯಿಂದ ಒಬ್ಬ ಒಂದು ಪುಟ ಬರೆದುಕೊಡಬೇಕು, ಗಾರ್ವಿ ಸತ್ತಿರುವುದರಿಂದ ವೆಲ್ಡಿಂಗ್ ಖಾನೆಯದು ನಿನ್ನದು, ಎಂದಿತ್ತು. ಮೆಲ್ಲರಿನ ಕ್ಯಾಪ್ಟನ್ನಿನ ಪತ್ರವನ್ನೂ ಅಚ್ಚು ಹಾಕಿಸುತ್ತೇನೆ, ಅದು ನಿನಗೆ ಸಲ್ಲಬೇಕಾದ ಗೌರವ, ಎಂದು ಕೊನೆಯಲ್ಲಿ ಬರೆದಿದ್ದ.

ಒನ್ನಿ ಒಂದು ಪುಟಕ್ಕೆ ಐದು ವಾರ ತೆಗೆದುಕೊಂಡ. ಬರೆದದ್ದೆಲ್ಲ ಸರಳವೇ: ಎಷ್ಟು ಜನರಿದ್ದೆವು, ಎಂಥ ಕೆಲಸ ಮಾಡಿದೆವು, ಚೀಫ್ ಏನು ಕೇಳುತ್ತಿದ್ದ. ಕೊನೆಗೆ ನಾಲ್ಕು ಸಾಲು: "ಮೆಲ್ಲರಿನ ಬಿರುಕಿಗೆ ನಾನು ಒಂದೇ ತುದಿ ಕೊರೆದೆ. ಎರಡೂ ಎಂದು ಚೀಫ್‌ಗೆ ಸುಳ್ಳು ಹೇಳಿದೆ. ಸೀಳಿದ್ದು ಆ ಇನ್ನೊಂದು ತುದಿಯಿಂದ. ಏಳು ಜನ ಸತ್ತರು, ಅವರಲ್ಲಿ ತೌನೋ ಪೆಲ್ಟೋಲಾ ಒಬ್ಬ."

ಅಂಚೆಗೆ ಹಾಕಿದ ಹತ್ತು ದಿನಕ್ಕೆ ಕ್ವಿಗ್ಲಿ ಫೋನು ಮಾಡಿದ.

"ಒನ್ನಿ, ಇದನ್ನ ಹಾಕ್ಲೇಬೇಕೇನೋ? ಇಪ್ಪತ್ತೇಳು ವರ್ಷ ನಿನ್ನ ಯಾರೂ ಕೇಳಿಲ್ಲ."

"ಹಾಕು."

"ಕ್ಯಾಪ್ಟನ್ ಕಾಗದ ಎದುರು ಪುಟದಲ್ಲೇ ಬರುತ್ತೆ ಮಾರಾಯ."

"ಅದನ್ನೂ ಹಾಕು."

ಧೈರ್ಯ ಎಂದು ಕೆಲವರು ಅನ್ನಬಹುದು. ನಾನು ಅನ್ನುವುದಿಲ್ಲ. ಒಂದೇ ಸೂರಿನಡಿ ಇರುವ ಇಬ್ಬರು ಹೆಂಗಸರಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಅವನು ಅಚ್ಚಿನ ಕೈಯಲ್ಲಿ ಹೇಳಿಸಲು ಹೊರಟಿದ್ದ. ಆ ಪುಸ್ತಕ ಮನೆಗೆ ಬಂದರೆ ಅದನ್ನು ಲೆಂಪಿಗೆ ಓದಿ ಹೇಳುವವಳು ಐಲಿ ಎನ್ನುವುದು ಅವನಿಗೆ ಗೊತ್ತಿತ್ತು. ಅಂಗಡಿಯ ಚೀಟಿಯಿಂದ ಹಿಡಿದು ಸರ್ಕಾರಿ ಕಾಗದದವರೆಗೆ ಎಲ್ಲವನ್ನೂ ತಾಯಿಗೆ ಇಂಗ್ಲಿಷಿನಿಂದ ನಮ್ಮ ಮಾತಿಗೆ ತಿರುಗಿಸಿ ಓದುತ್ತಿದ್ದವಳು ಅವಳೇ.

ಮರುವರ್ಷ ಏಪ್ರಿಲ್ಲಿನ ಒಂದು ಶನಿವಾರ ಮಧ್ಯಾಹ್ನ ನೀಲಿ ರಟ್ಟಿನ ಪುಸ್ತಕ ಬಂತು. ಒನ್ನಿ ಸೌನಾಕ್ಕೆ ಸೌದೆ ಹಾಕಿ ಬರುವಷ್ಟರಲ್ಲಿ ಐಲಿ ಕಟ್ಟು ಬಿಚ್ಚಿಯಾಗಿತ್ತು. ಎಂಬತ್ತನಾಲ್ಕರ ಲೆಂಪಿ ಮೇಜಿನ ತಲೆಯಲ್ಲಿ ಕೈ ಕಟ್ಟಿ ಕುಳಿತು, "ಎಲ್ಲ ಆಮೇಲೆ. ಮೊದಲು ಒನ್ನಿದು ಓದೇ," ಎನ್ನುತ್ತಿದ್ದಳು. ಮೊದಲು ನೀನೊಬ್ಬಳೇ ಓದು ಎಂದು ಹೆಂಡತಿಗೆ ಹೇಳಲು ಅವನಿಗೆ ಅರ್ಧ ನಿಮಿಷವಿತ್ತು. ಹೇಳಲಿಲ್ಲ. ಟೋಪಿ ತೆಗೆದು ಕುಳಿತ.

ಐಲಿ ಬೆರಳಿಟ್ಟು ಓದಿದಳು. ಐವತ್ತರ ಹತ್ತಿರ ಬಂದರೂ ಶಾಲೆಯ ಹುಡುಗಿಯ ಹಾಗೆ ಗಟ್ಟಿಯಾಗಿ, ಹೆಮ್ಮೆಯಿಂದ ಓದುತ್ತಿದ್ದಳು. ಚೀಫ್ ಗಾರ್ವಿಯ ಪ್ರಶ್ನೆ ಬಂತು. ಲೆಂಪಿ ತಲೆದೂಗಿದಳು. ಐಲಿಯ ಬೆರಳು ಮುಂದಿನ ಸಾಲಿಗೆ ಇಳಿದು ಅಲ್ಲೇ ನಿಂತಿತು. ಅವಳ ಕುತ್ತಿಗೆ ಕೆಂಪಾಯಿತು.

"ಏನಾಯ್ತೇ? ಅಕ್ಷರ ಅಳಿಸಿದೆಯಾ?"

"ಇಲ್ಲಮ್ಮ." ಐಲಿಯ ಬೆರಳು ಕದಲಲಿಲ್ಲ. "'ಮೆಲ್ಲರಿನಲ್ಲಿ ಕೆಲಸ ಮಾಡುವಾಗ ನಮ್ಮ ಕಡೆಯವನೇ ಒಬ್ಬ ಸಿಕ್ಕಿದ. ತೌನೋ ಪೆಲ್ಟೋಲಾ ಎಂದು ಹೆಸರು. ನನಗೆ ಮೂರು ಲೋಟ ಕಾಫಿ ಕೊಟ್ಟ. ಅಂಥ ಒಳ್ಳೆಯವನನ್ನು ನಾನು ಮತ್ತೆ ನೋಡಲಿಲ್ಲ.'"

ಲೆಂಪಿಯ ಮುಖ ಅರಳಿತು. "ಅಚ್ಚಾಗಿದೆಯಾ ಇದು? ನನ್ನ ಮಗನ ಹೆಸರು? ಇನ್ನೊಂದ್ಸಲ ಓದು."

ಐಲಿ ಮತ್ತೆ ಓದಿದಳು. ಪುಟದಲ್ಲಿ ಇಲ್ಲದ ಆ ಮಾತುಗಳನ್ನು ಒಂದಕ್ಷರ ತಪ್ಪದೆ ಹೇಳಿದಳು. ಗಂಡನ ಕಡೆ ನೋಡಲಿಲ್ಲ. ಹುಟ್ಟಿದ ಮೇಲೆ ತಾಯಿಗೆ ಒಂದು ಸುಳ್ಳೂ ಹೇಳದ ಹೆಂಗಸು ಒಂದೇ ಗಳಿಗೆಯಲ್ಲಿ ಎರಡು ಸಲ ಹೇಳಿದ್ದಳು, ಅದೂ ಅವನ ಸಲುವಾಗಿ. ಒನ್ನಿಗೆ ತಾನು ಮಾಡಿದ್ದು ಏನೆಂದು ಆಗ ಅರ್ಥವಾಯಿತು.

"ಅಮ್ಮ, ಅವಳು ಓದಿದ್ದು ಅದರಲ್ಲಿ ಇಲ್ಲ."

"ಒನ್ನಿ, ಬೇಡ," ಅಂದಳು ಐಲಿ.

"ಹೇಳ್ತೀನಿ. ಅವತ್ತು ಬಾಗಿಲು ತಟ್ಟಿದ್ದೇ ಇದನ್ನ ಹೇಳೋಕೆ."

ಹೇಳಿದ. ಬಿರುಕು, ಪಾದ, ನಾಲ್ಕು ಬೋಲ್ಟು, ಚೀಫ್ ಕೇಳಿದ್ದು, ತಾನು ಅಂದದ್ದು, ಸೀಳು ಶುರುವಾದ ಜಾಗ, ಕತ್ತರಿಸಿ ಎಸೆದ ಚೂರು. ಇಪ್ಪತ್ತೇಳು ವರ್ಷ ಕಾಯಿಸಿದ್ದು ಹೇಳಿ ಮುಗಿಸಲು ಐದು ನಿಮಿಷ ಸಾಕಾಯಿತು. ಐಲಿ ಪುಸ್ತಕ ಮುಚ್ಚಿ ಅದರ ಮೇಲೆ ಎರಡೂ ಕೈಯಿಟ್ಟುಕೊಂಡಿದ್ದಳು. ಲೆಂಪಿ ಅವನನ್ನೇ ನೋಡುತ್ತಿದ್ದಳು. ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಅವನು ಕಾದ. ಅದೇ ಅವನಿಗೆ ಬೇಕಿತ್ತು.

"ಆ ತೂತು ಕೊರೆಯೋಕೆ ಎಷ್ಟೊತ್ತು ಬೇಕಿತ್ತು?" ಅಂದಳು ಅವಳು.

"ಬೋಲ್ಟ್ ಬಿಚ್ಚೋದೂ ಸೇರಿ ಕಾಲು ಗಂಟೆ."

"ಮೂರನೇ ಕಾಫಿಗೆ ಎಷ್ಟೊತ್ತಾಯ್ತು?"

ಒನ್ನಿ ಇಲ್ಲೊಂದು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ನಾನಂತೂ ಅವನನ್ನು ದೂರುತ್ತಿರಲಿಲ್ಲ. ಆದರೆ ಸುಳ್ಳು ಸಾಕು ಎಂದು ಅವತ್ತೇ ತೀರ್ಮಾನಿಸಿದ್ದ.

"ಅಷ್ಟೇ."

"ನೀನು ಏಳೋಕೆ ಹೋದೆಯಾ?"

"ಹೋದೆ."

"ಅವನು ಕೂರಿಸ್ದ."

"ನಾನು ಕೂರಬಾರದಿತ್ತು ಅಮ್ಮ. ಅವನಿಗೇನು ಗೊತ್ತಿತ್ತು ಪಾಪ. ಚೀಫ್‌ಗೆ ಸುಳ್ಳು ಹೇಳಿದ್ದು ನಾನು. ತಪ್ಪು ನಂದು."

"ನಿನ್ನ ತಪ್ಪು ನಿಂದೇ. ಅದನ್ನ ನಾನ್ಯಾಕೆ ಮುಟ್ಟಲಿ," ಅಂದಳು ಲೆಂಪಿ. ದನಿ ಏರಲಿಲ್ಲ. "ಎದ್ದವನನ್ನ ಕೂರಿಸು ಅಂತ ಅವನಿಗೆ ಕಲಿಸಿದ್ದು ನಾನು."

ಐಲಿ ಎದ್ದು ತಾಯಿಯ ಭುಜ ಹಿಡಿದಳು. ಮುದುಕಿ ಅವಳ ಕೈ ಸರಿಸಿ, ಸೌನಾ ಕಾದಿದೆ, ಸೌದೆ ದಂಡ ಆಗುತ್ತೆ ನಡಿ ಎಂದು ಟವೆಲ್ಲು ತೆಗೆದುಕೊಂಡು ಹೊರಗೆ ಹೋದಳು. ಐಲಿ ಬಾಗಿಲಲ್ಲಿ ತಿರುಗಿ ನಿಂತಳು.

"ನನಗೆ ಮೊದಲು ಹೇಳಬಹುದಿತ್ತು. ಹೇಳಿದ್ರೆ ಇದನ್ನ ನಾನೂ ನೀನೂ ಇಬ್ರೇ ಹೊರ್ತಿದ್ವಿ. ಅವಳಿಗೆ ಎಂಬತ್ತನಾಲ್ಕು ಕಣೋ."

ಅವಳೂ ತಾಯಿಯ ಹಿಂದೆ ಹೋದಳು. ಒನ್ನಿ ಮೇಜಿನ ಮುಂದೆ ಒಬ್ಬನೇ ಕುಳಿತ.

ಲೆಂಪಿ ಅವನನ್ನು ಹೊರಗೆ ಹಾಕಲಿಲ್ಲ, ಅವನೊಡನೆ ಮಾತೂ ಬಿಡಲಿಲ್ಲ. ಮುಂದಿನ ಶನಿವಾರ ಎಂದಿನಂತೆ ಕಾಫಿ ಸುರಿದಳು. ಎರಡಾದ ಮೇಲೆ ಪಾತ್ರೆಯನ್ನು ಒಲೆಯ ಮೇಲಿಟ್ಟು ಅದರ ಹಿಡಿಯನ್ನು ಗೋಡೆಯ ಕಡೆ ತಿರುಗಿಸಿದಳು. ಅಲ್ಲಿಂದಾಚೆ ಆ ಮನೆಯಲ್ಲಿ ದಾರಿ ಕಾಫಿ ಇಲ್ಲ. ಪಾದ್ರಿಗೂ ಇಲ್ಲ, ನೆಂಟರಿಗೂ ಇಲ್ಲ. ವಯಸ್ಸಾದ ಮೇಲೆ ಲೆಂಪಿಗೆ ಕೈ ಬಿಗಿಯಾಯಿತು ಎಂದು ಬೀದಿಯಲ್ಲಿ ಆಡಿಕೊಂಡೆವು. ನಾನೂ ಆಡಿಕೊಂಡವರಲ್ಲಿ ಒಬ್ಬ. ಒನ್ನಿ ಅದನ್ನೆಲ್ಲ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಮೇ ತಿಂಗಳಲ್ಲಿ ನೆಂಟರು ಬಂದಾಗ ಅವಳು "ಹೇಳೋ ಒನ್ನಿ" ಎನ್ನಲಿಲ್ಲ. ತಾನು ಕಲಿಸಿದ್ದನ್ನು ಮಗ ಮರೆಯಲಿಲ್ಲ ಎಂಬ ಒಂದು ಸಂತೋಷ ಅವಳಿಗಿತ್ತು. ಅದನ್ನು ಕೊಟ್ಟವನೂ ಅವನೇ, ಕಿತ್ತುಕೊಂಡವನೂ ಅವನೇ. ಸುಮ್ಮನಿದ್ದಾಗಿನ ಪಾಪ ದೊಡ್ಡದೋ ಹೇಳಿ ಮಾಡಿದ ಪಾಪ ದೊಡ್ಡದೋ ಎಂದು, ಮುಂದೆ ಒಮ್ಮೆ ಇದನ್ನೆಲ್ಲ ಹೇಳಿಕೊಂಡ ದಿನ, ಅವನು ನನ್ನನ್ನು ಕೇಳಿದ್ದುಂಟು.

ಮೂರು ವರ್ಷದ ಮೇಲೆ ಲೆಂಪಿ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಐಲಿ ಔಷಧಿ ತರಲು ಹೋಗಿದ್ದಾಗ ಒನ್ನಿಯೇ ಕಾಫಿ ಮಾಡಿ, ಮುದುಕಿಯ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಕುಡಿಸಿದ. ಅವಳಿಗೆ ಆಗೀಗ ಕಾಲ, ಜಾಗ ಕಲಸಿಹೋಗುತ್ತಿತ್ತು. ಒಂದು ಕುಡಿದಳು. ಎರಡನೆಯದನ್ನೂ ನಿಧಾನವಾಗಿ ಕುಡಿದಳು. ಒನ್ನಿ ಪಾ‌ತ್ರೆ ಹಿಡಿದು ನಿಂತಿದ್ದ. ಇನ್ನು ಅವಳು ಹೊರಡುವ ದಿನ ದೂರವಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಇನ್ನೊಂದು ಹಾಕ್ಲಾ ಅಮ್ಮ? ದಾರಿಗೆ."

ಲೆಂಪಿ ಅಂಗೈಯನ್ನು ಕಪ್ಪಿನ ಬಾಯಿಗೆ ಅಡ್ಡವಿಟ್ಟಳು. ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಬೇಡ ಮಗಾ. ಮೊದಲು ಹೋಗಿ ಆ ತೂತಿನ ಕೆಲಸ ಮುಗಿಸಿ ಬಾ," ಅಂದಳು. "ಕಾಫಿ ಎಲ್ಲಿಗೂ ಹೋಗಲ್ಲ."

ಒನ್ನಿ ಆಯಿತು ಎಂದು ತಲೆಯಾಡಿಸಿ, ಪಾತ್ರೆಯನ್ನು ಒಲೆಯ ಮೇಲಿಟ್ಟು, ಐಲಿ ಬರುವವರೆಗೂ ಅಡುಗೆಮನೆಯಲ್ಲೇ ನಿಂತಿದ್ದ.